ತಾಯಿಗೆ ಕೊಟ್ಟ ಕಣ್ಣಿನ ಹನಿ

ಗುರುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ನಾನು ಇಬ್ಬರು ಮಕ್ಕಳ ಕಿವಿಯಿಂದ ಬೆಳ್ಳುಳ್ಳಿ ಎಸಳು ತೆಗೆದಿದ್ದೆ. ನೋವು ಹೋಗಲಿ ಎಂದು ಎಣ್ಣೆಯಲ್ಲಿ ಹುರಿದು ಒಳಗೆ ತುರುಕಿದ್ದರು. "ಕಿವಿಯೊಳಗೆ ಏನೂ ಹಾಕಬೇಡಿ" ಎಂದಾಗ ತಾಯಂದಿರು ತಲೆಯಾಡಿಸಿದರು. ಹೋದ ವಾರವೂ ಹೀಗೇ ತಲೆಯಾಡಿಸಿದ್ದರು. ಆಮೇಲೆ ಹಲ್ಲುಸೆಟ್ಟು ಉಜ್ಜಿ ಒಸಡು ಹುಣ್ಣಾಗಿದ್ದ ಒಬ್ಬ ಮುದುಕ ಬಂದ. ಮಲಗುವಾಗ ಸೆಟ್ಟು ತೆಗೆದಿಡಿ ಎಂದರೆ, "ಹೆಂಡ್ತಿ ಹೆದರ್ಕೋತಾಳೆ" ಎಂದ.

ಐನ್ ಸಫ್ಸಾಫ್ ಎಂಬ ಈ ಹಳ್ಳಿಯ ನಮ್ಮ ಆರೋಗ್ಯ ಘಟಕಕ್ಕೆ ಡಾಕ್ಟರು ಬರುವುದು ಭಾನುವಾರ ಮತ್ತು ಬುಧವಾರ ಮಾತ್ರ. ಉಳಿದ ದಿನ ನಾನೇ. ಮದುವೆಯಾದ ಮೇಲೆ ಸಂಜೆ ತರಗತಿಗೆ ಹೋಗಿ ನರ್ಸಿಂಗ್ ಮುಗಿಸಿದವಳು. ಅದಕ್ಕೋ ಏನೋ, ಯಾರಿಗೆ ಏನು ಹೇಳಿದರೂ ಮನೆಗೆ ಹೋಗಿ ಪುಸ್ತಕ ತೆಗೆದು ಸರಿಯೇ ಎಂದು ನೋಡದಿದ್ದರೆ ಊಟ ಸೇರುವುದಿಲ್ಲ.

ಹನ್ನೊಂದಕ್ಕೆ ಮಹ್ರೂಸ್ ಬಂದ. ಖರ್ಜೂರದ ಮರ ಹತ್ತುವವನು. ಹಜ್ ಮಾಡಿ ಬಂದ ಅವನ ತಾಯಿ ಹಜ್ಜಾ ನಬವಿಯಾಗೆ ಮೂರು ವಾರದ ಹಿಂದೆ ಜಿಲ್ಲಾ ಕೇಂದ್ರದಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಬಾಗಿಲಲ್ಲೇ ನಿಂತು, "ಅಮ್ಮನ ಕಣ್ಣಿನ ಹನಿ ಖಾಲಿಯಾಯ್ತು. ಇನ್ನೊಂದು ಶೀಷೆ ಕೊಡಿ, ಬೇಗ" ಎಂದ.

"ಖಾಲಿಯಾ? ಅದು ಇನ್ನೂ ಹತ್ತು ದಿನ ಬರಬೇಕಿತ್ತಲ್ಲ?"

"ನಾನೂ ಸ್ವಲ್ಪ ಬಿಟ್ಕೊಂಡೆ."

ಆಗ ಅವನ ಮುಖ ನೋಡಿದೆ. ಎಡಗಣ್ಣನ್ನು ಕಿಟಕಿಯ ಬೆಳಕಿನಿಂದ ಆಚೆ ತಿರುಗಿಸಿಕೊಂಡಿದ್ದ. ನೀರು ಸುರಿಯುತ್ತಿತ್ತು. ಆರು ದಿನದ ಹಿಂದೆ ಕಾಯಿ ಕಚ್ಚಲೆಂದು ಹೆಣ್ಣು ಹೂವಿನ ಗೊನೆಯೊಳಗೆ ಗಂಡು ಹೂ ಕಟ್ಟುವಾಗ ಗರಿಯ ಮುಳ್ಳು ತಾಗಿತ್ತಂತೆ. ನಾಲ್ಕು ದಿನದಿಂದ ತಾಯಿಯ ಹನಿ ಹಾಕಿಕೊಳ್ಳುತ್ತಿದ್ದಾನಂತೆ.

"ಕೆಂಪು ಎಷ್ಟೋ ಇಳಿದಿದೆ ನೋಡಿ" ಎಂದು ಹೆಮ್ಮೆಯಿಂದ ರೆಪ್ಪೆ ಎಳೆದು ತೋರಿಸಿದ.

ಬಲಗಣ್ಣು ಮುಚ್ಚಿಸಿ ಬೆರಳು ತೋರಿಸಿದೆ. ಎರಡು ತೋರಿಸಿದರೆ ನಾಲ್ಕು ಎಂದ. ಗಾಯ ತೋರಿಸುವ ಬಣ್ಣದ ಕಾಗದದ ತುದಿಯನ್ನು ಎಡಗಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟೆ. ಕಪ್ಪುಗುಡ್ಡೆಯ ಪಕ್ಕದಲ್ಲಿ ಮಸೂರದ ಕಾಳಿನಷ್ಟು ಜಾಗ ಹಸಿರಾಗಿ ಹೊಳೆಯಿತು. ಹುಣ್ಣು. ಆ ಹನಿ ಆಪರೇಷನ್ ಆದ ಕಣ್ಣಿನ ಊತಕ್ಕೆ ಒಳ್ಳೆಯದು. ಮುಳ್ಳು ಚುಚ್ಚಿದ ಕಣ್ಣಿಗೆ ಅದರಿಂದ ಕೆಂಪು ಇಳಿಯುತ್ತದೆ, ಒಳಗೆ ಹುಣ್ಣು ನಿಶ್ಶಬ್ದವಾಗಿ ಬೆಳೆಯುತ್ತದೆ.

"ಮಹ್ರೂಸ್, ಇದು ಹಾಕಬಾರದ ಔಷಧಿ."

"ಹಾಕಬಾರದಾ? ಚಿನ್ನದಂಥ ಹನಿ ಅಂದಿದ್ದು ಯಾರು? ನಮ್ಮ ಮನೆ ಜಗಲಿ ಮೇಲೆ ಕೂತು, ಚಹಾ ಕುಡೀತಾ, ಹನ್ನೊಂದು ಜನರ ಮುಂದೆ?"

ನಾನೇ. ಮುದುಕಿ ಮರೆಯಬಾರದೆಂದು ಗಟ್ಟಿಯಾಗಿ ಹೇಳಿದ್ದೆ: ಇದು ಕೆಂಪು ತೆಗೆಯುತ್ತದೆ, ಊತ ಇಳಿಸುತ್ತದೆ, ಒಂದು ದಿನವೂ ತಪ್ಪಿಸಬೇಡಿ ಎಂದು. ನಮ್ಮೂರಿನಲ್ಲಿ ಮನೆಯೊಳಗೆ ಬಂದ ಔಷಧಿ ಮನೆಮಂದಿಗೆಲ್ಲ ಸೇರಿದ್ದು; ಒಲೆಯ ಮೇಲಿನ ಡಬ್ಬಿಯಲ್ಲಿ ಉಪ್ಪಿನ ಪಕ್ಕದಲ್ಲಿ ಇರುತ್ತದೆ. ಇದು ನನಗೆ ಗೊತ್ತು. ನನ್ನ ಮನೆಯಲ್ಲೂ ಹಾಗೇ ಇತ್ತು. ಆದರೂ 'ಇವರೊಬ್ಬರಿಗೇ' ಎಂಬ ಮಾತು ಅವತ್ತು ನನ್ನ ಬಾಯಿಗೆ ಬರಲಿಲ್ಲ.

"ಇವತ್ತೇ ಜಿಲ್ಲಾ ಕೇಂದ್ರದ ಕಣ್ಣಾಸ್ಪತ್ರೆಗೆ ಹೋಗಬೇಕು. ಎರಡು ಗಂಟೆ ಬಸ್ಸಿಗೆ. ನಾಳೆ ಶುಕ್ರವಾರ, ಬಸ್ಸಿಲ್ಲ."

"ಇನ್ನೂ ನಲವತ್ತು ಮರ ಇದೆ. ಹೂ ಬಾಯಿ ಬಿಟ್ಟಾಗಿದೆ. ಮೂರು ದಿನ ಬಿಟ್ಟರೆ ಈ ವರ್ಷ ಜನ ಬರೀ ಗರಿ ತಿನ್ಬೇಕು."

"ಕಣ್ಣು ಹೋಗುತ್ತೆ ಕಣಪ್ಪಾ!"

"ಹೋದ ತಿಂಗಳು ಚಿನ್ನ, ಈ ತಿಂಗಳು ವಿಷ. ಮೊದಲು ನಿಮ್ಮ ಸಂಜೆ ಶಾಲೆಯಲ್ಲಿ ಒಂದು ತೀರ್ಮಾನ ಮಾಡ್ಕೊಂಡು ಬನ್ನಿ, ಡಾಕ್ಟ್ರಮ್ಮ." ಹೊರಟೇಹೋದ.

ಡಾಕ್ಟರಿಗೆ ಫೋನ್ ಮಾಡಿದೆ. ನಾಲ್ಕನೇ ಸಲಕ್ಕೆ ಎತ್ತಿದರು. "ಆ ಹನಿ ನಿಲ್ಲಿಸಿ, ಪಟ್ಟಿ ಕಟ್ಟಬೇಡಿ, ಇವತ್ತೇ ಕಳಿಸಿ. ಅಲ್ಲಿಗೆ ನಾನು ಹೇಳಿರ್ತೀನಿ."

"ಹೋಗಲ್ಲ ಅಂತಾನೆ ಡಾಕ್ಟ್ರೇ."

"ಒಪ್ಪಿಸಿ ಇನ್ಶಿರಾಹ್. ನೀವು ಆ ಊರಿನವರೇ ಅಲ್ವಾ?"

ಎಲ್ಲರೂ ಇದನ್ನೇ ಹೇಳುತ್ತಾರೆ. ಊರಿನವಳಾದ್ದರಿಂದಲೇ ನನ್ನ ಮಾತನ್ನು ಯಾರೂ ಲೆಕ್ಕಕ್ಕಿಡುವುದಿಲ್ಲವೆಂದು ಆಫೀಸಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಬಾಗಿಲಿಗೆ ಚೀಟಿ ಅಂಟಿಸಿ, ಹಜ್ಜಾಳ ಹೊಸ ಶೀಷೆಯನ್ನು ಜೇಬಿಗೆ ಹಾಕಿಕೊಂಡು ತೋಟಕ್ಕೆ ನಡೆದೆ. ಒಂದು ಗಂಟೆಯಾಗುತ್ತಿತ್ತು. ಹಜ್ಜಾ ನಬವಿಯಾ ಕಪ್ಪು ಕನ್ನಡಕ ಹಾಕಿಕೊಂಡು ಮರದ ಬುಡದಲ್ಲಿ ಗಂಡು ಹೂವಿನ ಎಳೆ ಬಿಡಿಸುತ್ತಿದ್ದಳು. ಮಗ ತುದಿಯಲ್ಲಿದ್ದ. ಸೊಂಟಕ್ಕೆ ಹಗ್ಗ, ಹೆಗಲಿಗೆ ಚೀಲ. ಗರಿಯೊಂದನ್ನು ಹಿಡಿಯಲು ಹೋಗಿ ಒಂದು ಗೇಣು ಆಚೆ ಗಾಳಿಯನ್ನು ಹಿಡಿದ.

ಅಕ್ಕಪಕ್ಕದ ತೋಟದವರು ರೊಟ್ಟಿ, ಗಿಣ್ಣು ಬಿಚ್ಚಿಕೊಂಡು ಊಟಕ್ಕೆ ಕೂತಿದ್ದರು.

"ಮಹ್ರೂಸ್! ಇಳಿ!"

"ಬೇಸಿಗೆ ಮುಗಿದ ಮೇಲೆ!"

ತೋಟದವರು ನಕ್ಕರು. ನನಗೆ ಅಳು ಬಂತು, ಸಿಟ್ಟೂ ಬಂತು. ಪುಸ್ತಕದ ಮಾತು ಎಲ್ಲ ಹೇಳಿಯಾಗಿತ್ತು. ಉಳಿದದ್ದು ಒಂದೇ. ಅದನ್ನು ಹೇಳಿದರೆ ನಾಳೆಯಿಂದ ನನ್ನ ಹತ್ತಿರ ಯಾರು ಬರುತ್ತಾರೆ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ.

"ತಪ್ಪು ನಂದು ಕಣೋ!" ಎಂದು ಕೂಗಿದೆ. "ಆ ಹನಿ ನಿಮ್ಮಮ್ಮನಿಗೆ ಮಾತ್ರ ಅಂತ ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಮಾತು ನಂಬಿ ನೀನು ಹಾಕ್ಕೊಂಡೆ. ಅದು ನಿನ್ನ ಕಣ್ಣು ತಿಂತಾ ಇದೆ. ನನ್ನ ತಪ್ಪಿಗೆ ನೀನು ಕುರುಡಾಗಬೇಡ!"

ನಗು ನಿಂತಿತು. ಮಹ್ರೂಸ್ ಗರಿಗಳ ನಡುವಿನಿಂದ ಕೆಳಗೆ ಇಣುಕಿದ.

"ಸರ್ಕಾರದವರ ಬಾಯಲ್ಲಿ 'ತಪ್ಪು ನಂದು' ಕೇಳಿದ್ದು ಇದೇ ಮೊದಲು" ಎಂದ.

ಹಜ್ಜಾ ಎದ್ದು ನಿಂತಳು. "ಇಳಿಯೋ ಕತ್ತೆ. ಉಳಿದ ಮರಕ್ಕೆ ನಿನ್ನ ಮಾವನ್ನ ಕರೀತೀನಿ."

"ಅವನು ಕಟ್ಟಿದ್ದು ಗಾಳಿಗೆ ಉದುರುತ್ತೆ ಅಮ್ಮಾ."

"ಉದುರಲಿ. ಇಳಿ."

ಇಳಿದ. ಮೊದಲ ಬಾರಿಗೆ ಅವನ ಮುಖದಲ್ಲಿ ಹೆದರಿಕೆ ಕಂಡಿತು. ಬಸ್ಸಿನ ಬಾಗಿಲು ಮುಚ್ಚುವವರೆಗೂ ಅವನು ಹೋಗುತ್ತಾನೆಂದು ನಾನು ನಂಬಲಿಲ್ಲ. ಆಮೇಲೆ ಹಜ್ಜಾಳ ಕೈಗೆ ಹೊಸ ಶೀಷೆ ಕೊಟ್ಟು, "ಇದು ನಿಮಗೆ ಮಾತ್ರ" ಎಂದು ಎರಡು ಸಲ ಹೇಳಿದೆ. ಅವಳು ತಲೆಯಾಡಿಸಿದಳು.

ಒಂಬತ್ತು ದಿನದ ಮೇಲೆ, ಶನಿವಾರ, ಮಹ್ರೂಸ್ ಬಂದ. ಮುಳ್ಳಿನಿಂದ ಬಂದ ಬೂಷ್ಟು ಕಣ್ಣೊಳಗೆ ಹಬ್ಬಿತ್ತಂತೆ. ಅಲ್ಲಿ ಗಂಟೆಗೊಂದು ಸಲ ಹನಿ ಹಾಕಿದರಂತೆ, ಇನ್ನೂ ಎಷ್ಟೋ ವಾರ ಹಾಕಬೇಕಂತೆ. ಬಿಳಿ ಕಲೆ ಉಳಿಯುತ್ತದೆ, ಕಣ್ಣು ಉಳಿಯುತ್ತದೆ. ನಾನು ಎರಡು ಬೆರಳು ತೋರಿಸಿದೆ. "ಎರಡು" ಎಂದ. ಅವನ ಬೆರಳುಗಳನ್ನು ಹಿಡಿದು ಮುತ್ತಿಡಬೇಕೆನಿಸಿತು.

"ಒಂದು ಸಲ ಮನೆಗೆ ಬನ್ನಿ. ಅಮ್ಮನ ಕಣ್ಣು ಯಾಕೋ ಕೆಂಪಾಗಿದೆ" ಎಂದ.

ಓಡಿದೆ. ಹಜ್ಜಾ ಜಗಲಿಯ ಮೇಲೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದಳು.

"ಹನಿ ಹಾಕ್ತಿದ್ದೀರಾ?"

"ಅಯ್ಯೋ, ಹುಚ್ಚಾ ನನಗೆ? ತೋಟದ ತುಂಬಾ ಕೇಳೋ ಹಾಗೆ ನೀನೇ ಕೂಗಿದೆಯಲ್ಲೇ ಮಗಳೇ, ಅದು ಕಣ್ಣು ತಿನ್ನುತ್ತೆ ಅಂತ. ನೀನು ಪಾಪ ಸರ್ಕಾರದ ಕೆಲಸದವಳು, ಕೊಡಲೇಬೇಕು, ಕೊಟ್ಟೆ. ನಾನು ಸುಮ್ಮನೆ ಇಸ್ಕೊಂಡೆ."

ಡಬ್ಬಿಯಿಂದ ಶೀಷೆ ತೆಗೆದು ತೋರಿಸಿದಳು. ಮುಚ್ಚಳದ ಸೀಲು ಒಡೆದಿರಲಿಲ್ಲ. ಪಕ್ಕದ ಮನೆಯ ಇಬ್ಬರು ಹೆಂಗಸರು, ನಾನು ಈಗೇನು ಹೇಳುತ್ತೇನೆ ಎಂದು ಗೋಡೆಯಾಚೆಯಿಂದ ಕತ್ತು ಚಾಚಿದರು.

ಡಾಕ್ಟರಿಗೆ ಫೋನ್ ಹಚ್ಚಿದೆ. ಗಂಟೆ ಹೊಡೆದುಕೊಳ್ಳುತ್ತಿರುವಾಗಲೇ ಗೋಡೆಯ ಕಡೆ ತಿರುಗಿ, "ನೀವೂ ಒಳಗೆ ಬನ್ನಿ" ಎಂದೆ. "ಮೊದಲಿಂದ ಹೇಳ್ತೀನಿ. ಈ ಸಲ ನಾನು ಹೇಳಿದ್ದನ್ನ ಒಬ್ಬೊಬ್ಬರೂ ನನಗೆ ತಿರುಗಿಸಿ ಹೇಳಬೇಕು. ಬರೀ ತಲೆಯಾಡಿಸಿದರೆ ನಾನು ಎದ್ದು ಹೋಗಲ್ಲ."

ಮೂವರೂ ತಲೆಯಾಡಿಸಿದರು.