ತಂದೆಯ ಹೆಸರಿನ ಕಾಲಂ

ಕಂಪ್ಯೂಟರು ಹುಲಿಗೆಮ್ಮನ ಅರ್ಜಿಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ತಂದೆಯ ಹೆಸರಿನ ಕಾಲಂಗೆ ಬಂದು ನಿಂತು ಕುಂಯ್ ಕುಂಯ್ ಎಂದು ಅರಚುತ್ತಿತ್ತು. ಅದಕ್ಕೆ ಹಾಗೆ ಅರಚಲು ಕಲಿಸಿದವನು ಅದರ ಪ್ರೋಗ್ರಾಂ ಬರೆದ ದತ್ತಾತ್ರಿಯೇ.

೧೯೮೮ರ ಬೇಸಿಗೆ. ಕಡೂರಿನ ನಾರು ಸಹಕಾರ ಸಂಘದವರು ತೆಂಗಿನ ನಾರಿನ ಹುರಿ ಹೊಸೆಯುವ ಇಪ್ಪತ್ತು ರಾಟೆಗಳನ್ನು ಹೆಂಗಸರಿಗೆ ಹಂಚುವವರಿದ್ದರು. ಮನೆಗೊಂದು, ಅರ್ಜಿ ಕೊಟ್ಟ ಸರದಿಯಂತೆ. ಪಟ್ಟಿ ಇವತ್ತೇ ಅಚ್ಚಾಗಬೇಕು, ನಾಲ್ಕಕ್ಕೆ ಕರೆಂಟು ಹೋಗುತ್ತದೆ. ಹತ್ತೊಂಬತ್ತು ಹೆಸರು ಸೇರಿದ್ದವು. ಉಳಿದ ಒಂದೇ ರಾಟೆಗೆ ಹುಲಿಗೆಮ್ಮ ಸಖರಾಯಪಟ್ಟಣದಿಂದ ಎದ್ದುಬಿದ್ದು ಬಂದಾಗ ಮೂರು ಗಂಟೆ.

"ಅಪ್ಪನ ಹೆಸ್ರು ಹೇಳವ್ವಾ," ಎಂದ ಗುಮಾಸ್ತ ಶಾಮಣ್ಣ.

"ಎಲ್ಲಿಂದ ತರ್ಲಿ ಸ್ವಾಮಿ? ನಮ್ಮವ್ವನ್ನ ಗುಡಿಗೆ ಬಿಟ್ಟಿದ್ರು. ಅವ್ವನ ಹೆಸ್ರೇ ಬರ್ಕಳಿ."

ಶಾಮಣ್ಣನಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ರಿಜಿಸ್ಟರಿನ ಕಾಲದಿಂದಲೂ ಅಪ್ಪನಿಲ್ಲದವರಿಗೆ ಅವನು ದೇವರನ್ನೇ ಅಪ್ಪನನ್ನಾಗಿ ಬರೆದುಕೊಂಡು ಬಂದವನು. ಬೀರಪ್ಪ ಎಂದು ಒತ್ತಿದ. ಊರೂ ಅಪ್ಪನ ಹೆಸರೂ ಒಂದೇ ಆದರೆ ಒಂದೇ ಮನೆ ಎಂದು ಎಣಿಸುವ ಯಂತ್ರ, ಈ ಮನೆಗೆ ಆಗಲೇ ರಾಟೆ ಕೊಟ್ಟಾಗಿದೆ ಎಂದು ಇಂಗ್ಲಿಷಿನಲ್ಲಿ ತೋರಿಸಿತು.

ದತ್ತಾತ್ರಿ ಪರದೆಯಿಂದ ತಲೆ ಎತ್ತಿದ. "ಶಾಮಣ್ಣೋರೇ, ಬೆಳಗ್ಗೆ ಇನ್ಯಾರ್ಗೆ ಬೀರಪ್ಪನ್ನ ಅಪ್ಪನ್ ಮಾಡಿದ್ರಿ?"

"ಇಬ್ರಿಗೆ ಕಣಯ್ಯ. ಇಬ್ರೂ ಇವ್ಳ ಊರಿನೋರೇ. ಕಾಂತಮ್ಮಂಗೆ, ಆಮೇಲೆ ದ್ಯಾವಮ್ಮಂಗೆ. ದ್ಯಾವಮ್ಮಂದು ಹಾಕ್ದಾಗ್ಲೂ ಹಿಂಗೇ ಅರಚ್ತು. ಅರ್ಜಿ ಫೈಲಿಗೆ ಸೇರ್ಸಿ, ಆಯ್ತು ಹೋಗವ್ವ ಅಂದೆ."

ಗೊತ್ತುಗುರಿಯಿಲ್ಲದ ಮುದುಕ ಎಂದು ಶಾಮಣ್ಣನನ್ನು ಬೈಯಬಹುದಿತ್ತು. ಆದರೆ ಸುಳ್ಳು ಹೇಳದೆ ಮುಂದೆ ಹೋಗಲು ದಾರಿಯೇ ಇಡದವನು ದತ್ತಾತ್ರಿ. ತಂದೆಯ ಹೆಸರು ಕಡ್ಡಾಯ ಎಂಬ ನಿಯಮವನ್ನು ಅವನು ಹದಿನಾಲ್ಕು ಪರದೆಗಳಲ್ಲಿ ಹದಿನಾಲ್ಕು ಸಲ ಬರೆದು ಜಂಬಪಟ್ಟಿದ್ದ. ಈಗ ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಅರಚುತ್ತಿತ್ತು. ಮೂರನೆಯದನ್ನು ತಿದ್ದುವಷ್ಟರಲ್ಲಿ ಮೂರೂ ಇಪ್ಪತ್ತು.

ಹೀಗಾದರೆ ಕೆಲಸ ಕೆಟ್ಟಿತು ಎಂದುಕೊಂಡು, ಬರೆದ ನಿಯಮಗಳನ್ನೆಲ್ಲ ಅಳಿಸಿಹಾಕಿದ. ಒಂದೇ ಒಂದು ಕೋಷ್ಟಕ ಮಾಡಿದ: ಯಾವ ಕಾಲಂ ಯಾವಾಗ ತುಂಬಲೇಬೇಕು, ಯಾವಾಗ ಖಾಲಿ ಬಿಡಬಹುದು. ತಂದೆಯ ಹೆಸರು ಇಲ್ಲದಿದ್ದರೆ ತಾಯಿಯ ಹೆಸರು ಕಡ್ಡಾಯ. ಪ್ರತಿ ಪರದೆಯೂ ಈ ಕೋಷ್ಟಕವನ್ನು ಕೇಳಿಯೇ ನಡೆಯಬೇಕು. ಅದಕ್ಕೆ ಒಂದೊಂದು ಸಾಲು ಸಾಕು. ಮೊದಲೇ ಹೀಗೆ ಮಾಡಬಹುದಿತ್ತು, ಮಾಡಿರಲಿಲ್ಲ. ಮುಗಿದಾಗ ಮೂರೂ ಐವತ್ತು.

"ಇವ್ಳದ್ ಹಾಕಯ್ಯ ಬೇಗ," ಎಂದ ಶಾಮಣ್ಣ.

ದತ್ತಾತ್ರಿಯ ಕೈ ಫೈಲಿಗೆ ಹೋಯಿತು. ದ್ಯಾವಮ್ಮನ ಅರ್ಜಿ ಹದಿನೇಳನೆಯದು, ಹುಲಿಗೆಮ್ಮನದು ಕಟ್ಟಕಡೆಯದು. ರಾಟೆ ಒಂದೇ.

ಶಾಮಣ್ಣ ಕಿವಿಯ ಹತ್ತಿರ ಬಗ್ಗಿದ. "ಅವ್ಳು ಇಲ್ಲಿಲ್ಲ, ಇವ್ಳು ಕಣ್ಮುಂದೆ ನಿಂತವ್ಳೆ. ಬಿಟ್ಬಿಡು, ಯಾರ್ ಕೇಳ್ತಾರೆ?"

ದತ್ತಾತ್ರಿಗೂ ಬಿಟ್ಟುಬಿಡೋಣ ಎನಿಸಿತು, ನಿಜವಾಗಿಯೂ ಎನಿಸಿತು. ಆದರೆ ಅಲ್ಲಿ ದ್ಯಾವಮ್ಮ ರಾಟೆ ಬರುತ್ತದೆಂದು ಜಗಲಿ ಗುಡಿಸಿಟ್ಟಿರುತ್ತಾಳೆ. ಅರ್ಜಿಗಳಲ್ಲಿದ್ದ ತಾಯಂದಿರ ಹೆಸರಿನಲ್ಲಿ, ಸರದಿಯಂತೆ ಇಬ್ಬರದನ್ನೂ ಹಾಕಿದ. ಯಂತ್ರ ಈ ಸಲ ಚಕಾರವೆತ್ತಲಿಲ್ಲ. ಪಟ್ಟಿಯ ಕೊನೆಯ ಸಾಲು ಅಚ್ಚಾಗಿ ಹೊರಬಂದ ಮರುಗಳಿಗೆಯೇ ಕರೆಂಟು ಹೋಯಿತು.

"ನನ್ ಹೆಸ್ರು ಎಷ್ಟ್ನೇದಪ್ಪಾ?" ಹುಲಿಗೆಮ್ಮ ಕೇಳಿದಳು.

"ಇಪ್ಪತ್ತೊಂದನೇದು ಕಣವ್ವ. ದ್ಯಾವಮ್ಮ ನಿನಗಿಂತ ಮೊದ್ಲೇ ಕೊಟ್ಟಿದ್ಲು." ರಾಟೆ ಇಪ್ಪತ್ತೇ ಎಂಬುದನ್ನೂ, ದ್ಯಾವಮ್ಮನ ಅರ್ಜಿ ಫೈಲಿನಲ್ಲೇ ಉಳಿದದ್ದನ್ನೂ ದತ್ತಾತ್ರಿ ಮುಚ್ಚಿಡದೆ ಹೇಳಿದ.

ಹುಲಿಗೆಮ್ಮ ಪಟ್ಟಿಯತ್ತ ಕೈ ತೋರಿಸಿದಳು. "ಅಪ್ಪ ಇಲ್ಲ ಅಂತ ಬಿಟ್ಟಿದ್ರೆ ಇಲ್ಲೇ ಕೂತು ಜಗಳ ಆಡ್ತಿದ್ದೆ. ಸರದೀಲಿ ಹಿಂದಾದೆ ಅಂದ್ರೆ ಯಾರ್ ಜೊತೆ ಆಡ್ಲಿ?"

ಅವಳು ನಾಲ್ಕು ಮಾತು ಬೈದಿದ್ದರೆ ದತ್ತಾತ್ರಿಗೆ ಹಗುರವಾಗುತ್ತಿತ್ತು. ಅವಳು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು.