ದೊನ್ಕಾಳ ಕೈಯ ಮೇಣದಬತ್ತಿ

ಸತ್ತ ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ರೂಢಿಯಂತೆ ನಡುವೆ ಮೇಣದಬತ್ತಿ ಸಿಕ್ಕಿಸಲು ರಾಯ್ನಾ ಹೆಣಗುತ್ತಿದ್ದಳು. ಬೆರಳುಗಳು ಸೆಟೆದುಕೊಂಡಿದ್ದವು. ಬದುಕಿದ್ದಾಗ ಅಕ್ಕನಿಗೆ ಎದುರಾಡದ ದೊನ್ಕಾ ಈಗ ಹಟ ಹಿಡಿದಂತಿತ್ತು.

"ದಾರ ಸುತ್ತು, ನಿಲ್ಲುತ್ತೆ," ಎಂದಳು ಪಕ್ಕದ ಮನೆಯ ತಿನ್ಕಾ. "ಪಾಪ, ಅದೇನು ಗೊರಗೊರ ಅಂತಿದ್ಲು. ಗೋಡೆಯಾಚೆ ನಮಗೂ ಕೇಳೋದು. ಈಗ ಮನೆ ಬಿಕೋ ಅನ್ನುತ್ತೆ. ನಮ್ಮ ಮುದುಕ ಹೋದಾಗಲೂ ಹೀಗನಿಸಿರಲಿಲ್ಲ."

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿದವಳನ್ನು ಕಳಿಸಿಕೊಡಲು ಚರ್ಚಿಗೆ ಬಂದವರು ಹನ್ನೊಂದು ಜನ.

*

ಗಂಡ ಸತ್ತ ಮೇಲೆ ದೊನ್ಕಾಳಿಗೆ ಗೋಡೆಯೊಳಗಿಂದ ಯಾರೋ ಮಾತಾಡಿದಂತೆ ಕೇಳಿಸತೊಡಗಿತು. ಡಾಕ್ಟರು ಮಾತ್ರೆ ಕೊಟ್ಟರು, ಆ ದನಿ ನಿಂತಿತು. ಮಾತ್ರೆ ನುಂಗತೊಡಗಿದ ಆರನೆಯ ವರ್ಷ ಬಾಯಿ ತಾನಾಗಿ ಜಗಿಯತೊಡಗಿತು. ಉಸಿರೂ ಲಯ ತಪ್ಪಿತು. ನಾಲ್ಕು ಸಲ ಏದುಸಿರು, ಒಂದು ಹೂಂಕಾರ, ಆಮೇಲೆ ಪುಸ್ಸೆಂದು ಗಾಳಿ. ಎಕ್ಸ್‌ರೇ ತೆಗೆದವರು ಏನೂ ಇಲ್ಲ ಎಂದರು.

ಏನೂ ಇಲ್ಲವೆಂದ ಮೇಲೆ ನಾಟಕವೇ ಸೈ. ರಾಯ್ನಾ ಪರೀಕ್ಷಿಸಿಯೂ ನೋಡಿದ್ದಳು. ಮಧ್ಯಾಹ್ನ ಮಲಗಿದಾಗ ತಂಗಿಯ ಉಸಿರು ಹಸುಗೂಸಿನಷ್ಟು ಹದವಾಗಿತ್ತು.

ಸತ್ತವರನ್ನು ನೆನೆಯುವ ಶನಿವಾರ, ಅಮ್ಮನ ಹೆಸರಿನಲ್ಲಿ ಬೇಯಿಸಿದ ಗೋಧಿಯ ತಟ್ಟೆ ಇಟ್ಟುಕೊಂಡು ಚರ್ಚಿನಲ್ಲಿ ನಿಂತಿದ್ದಾಗ ದೊನ್ಕಾಳ ಕೈಯ ಬತ್ತಿ ಅವಳ ಉಸಿರಿಗೇ ಮೂರು ಸಲ ಆರಿತು. ಜನ ತಿರುಗಿ ನೋಡಿದರು. ರಾಯ್ನಾ ಬತ್ತಿ ಕಿತ್ತುಕೊಂಡಳು.

"ನಿದ್ದೇಲಿ ಸರಿಯಾಗಿರ್ತೀಯ, ಎಚ್ಚರ ಆದ್ರೆ ಶುರು. ಯಾರನ್ನ ಮಂಗ ಮಾಡ್ತೀಯ? ಆಚೆ ಹೋಗಿ ನಿಂತ್ಕೋ."

"ಬೇಕೂಂತ... ಮಾಡ್ತಿಲ್ಲ... ಅಕ್ಕಾ."

ಆಚೆ ಹೋದವಳು ಮತ್ತೆಂದೂ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಇವತ್ತು ನಾಲ್ವರು ಹೊತ್ತು ತಂದಿದ್ದರು.

*

ಆಸ್ಪತ್ರೆಯ ನರ್ಸ್ ವೆಸೆಲಾ ಹೂವಿಟ್ಟು ರಾಯ್ನಾಳ ಪಕ್ಕ ಬಂದು ನಿಂತಳು.

"ಕೊನೆಗೆ ನೋಡಿದ ಡಾಕ್ಟ್ರು ಕಂಡುಹಿಡಿದ್ರು, ಅಮ್ಮ. ಎಲ್ಲಾ ಆ ಮಾತ್ರೆಯಿಂದಾನೇ ಅಂತೆ. ಬಾಯಿ, ಎದೆ ಎಲ್ಲಾ ತಾವಾಗೇ ಅಲುಗಾಡ್ತಿದ್ವು. ನಿದ್ದೇಲಿ ನಿಂತು, ಎದ್ದ ಕೂಡಲೇ ಶುರುವಾಗೋದು ಆ ಕಾಯಿಲೆಯ ಗುರುತೇ ಅಂತೆ."

ರಾಯ್ನಾ ಅವಳತ್ತ ತಿರುಗಿದಳು. "ನಂಗ್ಯಾಕೆ ಹೇಳಲಿಲ್ಲ?"

"ದೊನ್ಕಾ ಅವರೇ ಬೇಡ ಅಂದ್ರು. ಅಕ್ಕಂಗೆ ಗೊತ್ತಾದ್ರೆ ನೊಂದ್ಕೋತಾಳೆ ಅಂತ."

ಪಾದ್ರಿ ಕೊನೆಯ ಮುತ್ತಿಡಲು ಕರೆದರು. ಸತ್ತವರ ಹಣೆಗೆ ಮುತ್ತಿಟ್ಟು ಕ್ಷಮೆ ಕೇಳಿ ಬರುವುದು ರೂಢಿ. ಉಳಿದವರೆಲ್ಲ ಒಂದೇ ಮಾತಿನಲ್ಲಿ ಮುಗಿಸಿದರು. ದಾರ ಸುತ್ತಿದ ಬತ್ತಿ ಅಲುಗದೆ ನೆಟ್ಟಗೆ ಉರಿಯುತ್ತಿತ್ತು.

ರಾಯ್ನಾ ಬಗ್ಗಿದಳು. "ದೊನ್ಕಾ, ನನ್ನ..." ಎನ್ನುವಷ್ಟರಲ್ಲಿ ದುಃಖ ಒತ್ತರಿಸಿ ಬಂತು. ಬಿಕ್ಕಿದ ಉಸಿರಿಗೆ ಬತ್ತಿ ಆರಿಹೋಯಿತು.

ತಿನ್ಕಾ ಕಡ್ಡಿ ಗೀರಿ ಹಚ್ಚಿದಳು. ಮತ್ತೆ ಆರಿತು. ತಿನ್ಕಾ ಇನ್ನೊಂದು ಕಡ್ಡಿ ಗೀರಿದಳು. ಆಚೆ ಹೋಗು ಎಂದು ರಾಯ್ನಾಳಿಗೆ ಯಾರೂ ಹೇಳಲಿಲ್ಲ.