ದುಗ್ಗಮ್ಮನ ‘ಬರ್ತೇನೆ’

ಒಳ್ಳೆಯ ಮನಸ್ಸಿನಿಂದ ಮಾತ್ರ ಒಳ್ಳೆಯದಾಗುತ್ತದೆ ಎನ್ನುವವರು ಅರಂತೋಡಿನ ದುಗ್ಗಮ್ಮನನ್ನು ನೋಡಿಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಕಟ್ಟಿ ನಿಲ್ಲಿಸಿದ ಜೀನಸು ಅಂಗಡಿ ಅವಳದು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಮೈದುನ ತ್ಯಾಂಪಣ್ಣ, “ಗುಣ ಆಗುವವರೆಗೆ ನಾನು ನೋಡಿಕೊಳ್ತೇನೆ” ಎಂದು ಗಲ್ಲಾದ ಮುಂದೆ ಕೂತ. ಕೂತವನು ಬೇರು ಬಿಟ್ಟ. ಬೋರ್ಡಿನಲ್ಲಿದ್ದ ಅವಳ ಹೆಸರಿಗೆ ಬಣ್ಣ ಬಳಿದು ತನ್ನ ಹೆಸರು ಬರೆಸಿದ. ಅವಳು ಕೇಳಿ ಕಳಿಸಿದರೆ ಗಿರಾಕಿಗಳ ಎದುರೇ ನಕ್ಕ.

“ಅತ್ತಿಗೆ ನಡೆದುಕೊಂಡು ಬರಲಿ, ಆಗಲೇ ಬಿಟ್ಟುಕೊಡ್ತೇನೆ.”

ಆ ನಗುವೇ ದುಗ್ಗಮ್ಮನಿಗೆ ಮದ್ದಾಯಿತು. ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅದನ್ನು ನೆನೆದು, ಹಲ್ಲು ಕಚ್ಚಿ ವಾಕರ್ ಹಿಡಿಯುತ್ತಿದ್ದಳು. ರಸ್ತೆ ಬದಿಯಲ್ಲಿ ಅಂಗಡಿಯ ಕಡೆಗೆ ಆದಷ್ಟು ದೂರ ನಡೆಯುವುದು, ನೋವು ತಡೆಯಲಾಗದಾಗ ನಿಲ್ಲುವುದು, ಮನೆಗೆ ತಿರುಗುವ ಮೊದಲು ಕೂಗುವುದು: “ತ್ಯಾಂಪಣ್ಣಾ, ಬರ್ತೇನೆ!”

ಹೊರಡುವಾಗ ‘ಹೋಗ್ತೇನೆ’ ಎನ್ನಬಾರದು, ‘ಬರ್ತೇನೆ’ ಎನ್ನಬೇಕು; ಊರಿನ ಮರ್ಯಾದೆ ಅದು. ಕೇಳಿದವರು ಎಂಥ ವಿನಯ ಎಂದುಕೊಂಡರು. ಅದರ ಅರ್ಥ ತಿಳಿದವನು ತ್ಯಾಂಪಣ್ಣ ಒಬ್ಬನೇ. ದಿನ ಹೋದಂತೆ ಕೂಗು ಹತ್ತಿರವಾಯಿತು. ಅವನು ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಡತೊಡಗಿದ.

ಪಕ್ಷವಾತ ಬಡಿದು, ನಾಚಿಕೆಯಿಂದ ಮನೆಯೊಳಗೇ ಕೂತಿದ್ದ ಆಟೊ ಚಾಲಕ ಸಾಹುಲ್ ಹಮೀದ್ ಒಂದು ದಿನ ಕೋಲೂರಿಕೊಂಡು ಅವಳ ಜೊತೆಯಾದರು.

“ನಿಮ್ಮನ್ನು ನೋಡಿ ಧೈರ್ಯ ಬಂತು ದುಗ್ಗಕ್ಕ.”

“ಇದು ಧೈರ್ಯ ಅಲ್ಲ ಮಾರಾಯ್ರೆ, ಸಿಟ್ಟು. ಬೇಕಾದರೆ ಸ್ವಲ್ಪ ತೆಗೊಳ್ಳಿ. ನಿಮಗೆ ಯಾರ ಮೇಲೆ ಉಂಟು?”

“ಈ ಕಾಲಿನ ಮೇಲೆ.”

“ಸಾಕು. ಅದಕ್ಕೇ ಬೈಯುತ್ತಾ ನಡೀರಿ.”

ಹಮೀದರ ಬೈಗುಳ ಕೇಳಿ ನಗುತ್ತಾ, ಮಂಡಿನೋವಿನವರು, ಮನೆಯಲ್ಲಿ ಮಂಕಾಗಿ ಕೂತವರು ಒಬ್ಬೊಬ್ಬರೇ ಸೇರಿಕೊಂಡರು. ಊರು ಅದನ್ನು ಭರವಸೆ ಎಂದಿತು. ದುಗ್ಗಮ್ಮನಿಗೆ ಅವರು ಅದಕ್ಕೆ ಏನು ಹೆಸರಿಟ್ಟರೂ ಆಗುತ್ತಿತ್ತು, ಅಂಗಡಿ ಸಿಕ್ಕಿದರೆ ಸಾಕಿತ್ತು.

ಕೊನೆಗೊಂದು ಬೆಳಿಗ್ಗೆ ಅವಳು ವಾಕರನ್ನು ಹಮೀದರ ಕೈಗೆ ಕೊಟ್ಟು, ಗೋಡೆ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. ಹಿಂದೆ ಅಷ್ಟೂ ಜನ. ತ್ಯಾಂಪಣ್ಣ ಗಲ್ಲಾ ಬಿಡದೆ, ಗಿರಾಕಿಗಳ ಬೆಂಚಿನತ್ತ ಕೈ ತೋರಿಸಿದ.

“ಬನ್ನಿ ಅತ್ತಿಗೆ, ಸುಸ್ತಾಗಿರಬೇಕು. ಕೂತುಕೊಳ್ಳಿ.”

“ಕೂತು ಕೂತು ನನಗೆ ಸಾಕಾಗಿದೆ,” ಎಂದಳು ದುಗ್ಗಮ್ಮ. “ನೀನು ಏಳು.”